ಆನ್‌ಲೈನ್ ಪದವಿಯೂ ಕಾರ್ಖಾನೆಯ ಟೈಂ ಆಫೀಸೂ



ನಿವೃತ್ತ ಮೇಷ್ಟರ ಮನೆಯ ಬಾಗಿಲನ್ನು ಜನ ಸಾಮಾನ್ಯವಾಗಿ ಎರಡು ಕಾರಣಗಳಿಗೆ ತಟ್ಟುತ್ತಾರೆ: ಲಗ್ನಪತ್ರಿಕೆ ಕೊಡುವುದಕ್ಕೆ ಮತ್ತು ಮಕ್ಕಳ ಮುಂದಿನ ಓದಿನ ಬಗ್ಗೆ ಕೇಳುವುದಕ್ಕೆ. ಹಿಂದೆ ‘ಟಿ.ಸಿ.ಎಚ್.ಗೆ ಹಾಕೋಣವೋ, ಐ.ಟಿ.ಐ.ಗೆ ಸೇರಿಸೋಣವೋ’ ಎಂದು ಕೇಳುತ್ತಿದ್ದವರ ಮಕ್ಕಳು ಈಗ ‘ಆನ್‌ಲೈನಿನಲ್ಲಿ ಎಚ್.ಆರ್. ಎಂ.ಬಿ.ಎ. ಮಾಡಿದರೆ ಬೆಲೆ ಇದೆಯೇ ಸಾರ್?’ ಎಂದು ಕೇಳುತ್ತಿದ್ದಾರೆ. ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ, ಅದೂ ಮನೆಯಲ್ಲಿಯೇ ಕುಳಿತು. ಒಬ್ಬೊಬ್ಬರಿಗೂ ಫೋನಿನಲ್ಲಿ ತುಂಡುತುಂಡಾಗಿ ಹೇಳುವುದಕ್ಕಿಂತ ಒಮ್ಮೆ ಇಲ್ಲಿ ಬರೆದಿಡುವುದೇ ಮೇಲೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈಗಾಗಲೇ ಯಾವುದಾದರೂ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಕೆಲಸದಲ್ಲಿರುವವರಿಗೆ ಈ ಓದು ನಿಜವಾಗಿಯೂ ಒಳ್ಳೆಯದು. ಅವರು ಹಿಂಜರಿಯದೆ ಸೇರಬೇಕು. ಬಿ.ಎ., ಬಿ.ಕಾಂ. ಮುಗಿಸಿ, ಒಂದು ದಿನವೂ ಎಲ್ಲಿಯೂ ದುಡಿಯದೆ, ಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಇದನ್ನು ಓದಿ ‘ಮ್ಯಾನೇಜರ್’ ಆಗುತ್ತೇನೆಂದು ಹೊರಟವರು ಮೊದಲು ಕೆಲಸಕ್ಕೆ ಸೇರಿ, ಆಮೇಲೆ ಓದಬೇಕು. ಹೀಗೆ ಹೇಳಿದ್ದಕ್ಕೆ ನಮ್ಮ ಬಂಧುಗಳಲ್ಲೇ ಒಬ್ಬರು ಮುನಿಸಿಕೊಂಡಿದ್ದಾರೆ. ಅವರೂ ಇದನ್ನು ಓದುತ್ತಾರೆಂದು ಬಲ್ಲೆ. ಸಮಾಧಾನವಾಗಿ ಕೊನೆಯವರೆಗೆ ಓದಲಿ.

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಇಷ್ಟು ಕೇಳಿಬರುವುದಕ್ಕೆ ಕಾರಣವಿದೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾದಾಗ ಇಲ್ಲಿನ ಜೀವನವೆಂದರೆ ರಾಗಿ, ರೇಷ್ಮೆ, ದ್ರಾಕ್ಷಿ, ದೊಡ್ಡಬಳ್ಳಾಪುರದ ಮಗ್ಗ. ಈಗ ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕ್, ಬಾಶೆಟ್ಟಿಹಳ್ಳಿ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ಹೊಸಕೋಟೆಯ ವಾಹನ ಕಾರ್ಖಾನೆಗಳು, 2008ರ ಮೇ ತಿಂಗಳಲ್ಲಿ ತೆರೆದ ದೇವನಹಳ್ಳಿಯ ವಿಮಾನ ನಿಲ್ದಾಣ, ಅದರ ಆಚೆ 2025ರಲ್ಲಿ ಐಫೋನ್ ಜೋಡಣೆ ಆರಂಭಿಸಿದ ಫಾಕ್ಸ್‌ಕಾನ್. ಬೆಳಗಿನ ಆರು ಗಂಟೆಗೆ ರಸ್ತೆಯಲ್ಲಿ ನಿಂತರೆ ಶಾಲೆಯ ವಾಹನಗಳಿಗಿಂತ ಕಂಪನಿ ಬಸ್ಸುಗಳೇ ಹೆಚ್ಚು. ಅಷ್ಟೊಂದು ಜನರನ್ನು ನೇಮಿಸಿಕೊಳ್ಳಲು, ಹಾಜರಿ ಹಾಕಲು, ಸಂಬಳ ಲೆಕ್ಕ ಕಟ್ಟಲು, ದೂರು ಕೇಳಲು ಜನ ಬೇಕು. ಆ ಜನರಲ್ಲಿ ನಮ್ಮೂರಿನ ಮಕ್ಕಳೂ ಇರಬೇಕೆಂಬ ಆಸೆ ತಪ್ಪಲ್ಲ.

ಮನೆಯಲ್ಲಿ ಕುಳಿತು ಓದುವ ಪದವಿಯನ್ನು ಕೀಳಾಗಿ ಕಾಣುವವನು ನಾನಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಶಿಕ್ಷಣವನ್ನು ಆರಂಭಿಸಿತ್ತು. ‘ಅಂಚೆ ತೆರಪಿನ ಶಿಕ್ಷಣ’ ಎಂಬ ಆ ಹೆಸರು ನಮ್ಮ ಪೀಳಿಗೆಯ ಮೇಷ್ಟರಿಗೆಲ್ಲ ಚಿರಪರಿಚಿತ. 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಚೆಯಲ್ಲಿ ಬರುತ್ತಿದ್ದ ಪಾಠಗಳನ್ನು ರಾತ್ರಿ ಓದಿ ಎಂ.ಎ., ಬಿ.ಎಡ್. ಮಾಡಿಕೊಂಡ ಹಳ್ಳಿಯ ಶಿಕ್ಷಕರು ನೂರಾರು ಜನ, ನಾನೂ ಅವರಲ್ಲೊಬ್ಬ. ಆ ಓದು ನಮಗೆ ಏಕೆ ಫಲಿಸಿತೆಂದು ಈಗ ಯೋಚಿಸಿದರೆ ಕಾರಣ ಸ್ಪಷ್ಟವಾಗಿದೆ. ರಾತ್ರಿ ಓದಿದ್ದನ್ನು ಬೆಳಿಗ್ಗೆ ಒರೆಗೆ ಹಚ್ಚಲು ನಮ್ಮ ಮುಂದೆ ನಲವತ್ತು ಮಕ್ಕಳ ತರಗತಿಯಿತ್ತು. ಬೋಧನಾ ವಿಧಾನದ ಪುಸ್ತಕದಲ್ಲಿದ್ದ ಮಾತು ನಿಜವೋ ಪೊಳ್ಳೋ ಎಂಬುದು ಹನ್ನೊಂದು ಗಂಟೆಯೊಳಗೆ ತಿಳಿದುಬಿಡುತ್ತಿತ್ತು. ಎಚ್.ಆರ್. ವಿದ್ಯೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅದರ ಪ್ರಯೋಗಶಾಲೆ ಜನ. ಆ ಜನ ಲ್ಯಾಪ್‌ಟಾಪಿನೊಳಗೆ ಇರುವುದಿಲ್ಲ.

ಮಾನ್ಯತೆಯ ಪ್ರಶ್ನೆಯನ್ನು ಬೇಗ ಮುಗಿಸೋಣ. 2020ರ ಸೆಪ್ಟೆಂಬರಿನಲ್ಲಿ ಯು.ಜಿ.ಸಿ. ಹೊರಡಿಸಿದ ನಿಯಮಗಳ ಪ್ರಕಾರ, ಅನುಮತಿ ಪಡೆದ ವಿಶ್ವವಿದ್ಯಾನಿಲಯಗಳು ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಕೊಡುವ ಪದವಿ ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನ. ಆದರೆ ಒಂದು ವಿಶ್ವವಿದ್ಯಾನಿಲಯಕ್ಕೆ ಹೆಸರಿದೆ ಎಂದಮಾತ್ರಕ್ಕೆ ಅದರ ಎಲ್ಲ ಕೋರ್ಸುಗಳಿಗೂ ಅನುಮತಿ ಇರುತ್ತದೆಂದು ತಿಳಿಯಬಾರದು. ನಮ್ಮ ಮುಕ್ತ ವಿಶ್ವವಿದ್ಯಾನಿಲಯದ ಕಥೆಯನ್ನೇ ನೆನಪಿಸಿಕೊಳ್ಳಿ. 2012-13ರ ನಂತರದ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಯು.ಜಿ.ಸಿ. ಪ್ರಕಟಿಸಿತು, ಮತ್ತೆ ಮಾನ್ಯತೆ ದೊರೆತದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡ ಮಕ್ಕಳ ಪಾಡು ನಮ್ಮ ತಾಲ್ಲೂಕುಗಳಲ್ಲಿಯೂ ಅನೇಕರಿಗೆ ಗೊತ್ತು. ಆದ್ದರಿಂದ ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವಿಶ್ವವಿದ್ಯಾನಿಲಯ, ಆ ಕೋರ್ಸು, ಆ ವರ್ಷ, ಮೂರೂ ಪಟ್ಟಿಯಲ್ಲಿವೆಯೇ ಎಂದು ನೀವೇ ನೋಡಬೇಕು. 2024ರಿಂದ ಇಂಥ ಪ್ರವೇಶಕ್ಕೆ ವಿದ್ಯಾರ್ಥಿಯೇ ಆ ಜಾಲತಾಣದಲ್ಲಿ ಡಿ.ಇ.ಬಿ. ಗುರುತಿನ ಸಂಖ್ಯೆಯನ್ನು ಪಡೆಯಬೇಕೆಂಬ ನಿಯಮವೂ ಬಂದಿದೆ. ಬಸ್ ನಿಲ್ದಾಣದ ಮೇಲಂತಸ್ತಿನಲ್ಲಿ ಬೋರ್ಡು ಹಾಕಿಕೊಂಡು ‘ಪರೀಕ್ಷೆಯ ಚಿಂತೆ ನಮಗೆ ಬಿಡಿ’ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಹೊರಗಿನವರಿಗೆ ಗುತ್ತಿಗೆ ಕೊಟ್ಟು ಕೋರ್ಸು ನಡೆಸುವುದಕ್ಕೆ ಆ ನಿಯಮಗಳಲ್ಲಿ ಅವಕಾಶವೇ ಇಲ್ಲ. ಪರೀಕ್ಷೆಯ ಚಿಂತೆಯನ್ನು ಬೇರೆಯವರಿಗೆ ಬಿಟ್ಟವನು ಮುಂದೆ ಸಂಬಳದ ಪಟ್ಟಿಯ ಚಿಂತೆಯನ್ನು ಯಾರಿಗೆ ಬಿಟ್ಟಾನು?

‘ಮನೆಯಲ್ಲೇ ಅಲ್ಲವೇ, ಬಿಡುವಿದ್ದಾಗ ಓದಿದರಾಯಿತು’ ಎಂಬ ಮಾತನ್ನೂ ಕೇಳುತ್ತೇನೆ. ಲೆಕ್ಕ ಹಾಕಿ ನೋಡಿ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ನಾಲ್ಕು ಕ್ರೆಡಿಟ್ಟಿನ ಒಂದು ಪತ್ರಿಕೆಗೆ 120 ಗಂಟೆ. ಒಂದು ಸೆಮಿಸ್ಟರಿಗೆ ಅಂಥ ನಾಲ್ಕೇ ಪತ್ರಿಕೆಗಳೆಂದು ಹಿಡಿದರೂ 480 ಗಂಟೆ. ಆರು ತಿಂಗಳ 26 ವಾರಗಳಿಗೆ ಹಂಚಿದರೆ ವಾರಕ್ಕೆ ಹದಿನೆಂಟು ಗಂಟೆಗೂ ಮೇಲೆ. ದಿನಕ್ಕೆ ಎರಡು ಗಂಟೆ, ಭಾನುವಾರ ಆರು ಗಂಟೆ. ಎಂಟು ಗಂಟೆ ದುಡಿದು, ಎರಡು ಗಂಟೆ ಬಸ್ಸಿನಲ್ಲಿ ಕಳೆದು, ಮನೆಗೆ ಬಂದು ಮುದ್ದೆ ತೊಳಸುವ ಹೆಣ್ಣುಮಗಳಿಗೆ ಇದು ಸಣ್ಣ ಮಾತಲ್ಲ. ಪ್ರವೇಶ ಶುಲ್ಕ ಕಟ್ಟುವ ಮೊದಲು ಮನೆಯವರೆಲ್ಲ ಕುಳಿತು ಆ ಎರಡು ಗಂಟೆಯನ್ನು ಅವಳಿಗೆ ಯಾರು ಬಿಡಿಸಿಕೊಡುತ್ತಾರೆಂದು ತೀರ್ಮಾನಿಸಬೇಕು. ಹಣ ಹೇಗೋ ಹೊಂದುತ್ತದೆ, ಸಮಯ ಹೊಂದುವುದಿಲ್ಲ.

ನನ್ನ ಮನಸ್ಸಿನಲ್ಲಿರುವುದು ಒಬ್ಬ ಹಳೆಯ ವಿದ್ಯಾರ್ಥಿನಿ. ಗಾರ್ಮೆಂಟ್ಸ್ ಒಂದರಲ್ಲಿ ಹೆಲ್ಪರ್ ಆಗಿ ಸೇರಿ, ಹೊಲಿಗೆ ಕಲಿತು, ದುಡಿಯುತ್ತಲೇ ಬಿ.ಎ. ಮುಗಿಸಿ, ಈಗ ಅಲ್ಲಿಯ ಟೈಂ ಆಫೀಸಿನಲ್ಲಿದ್ದಾಳೆ. ಹೊಸದಾಗಿ ಬಂದ ಎಚ್.ಆರ್. ಅಧಿಕಾರಿಗಳಿಗೆ ಕೆಲಸ ಹೇಳಿಕೊಡುವವಳು ಅವಳು. ಆರು ತಿಂಗಳಾದ ಮೇಲೆ ಅವಳಿಗೆ ಆಜ್ಞೆ ಮಾಡುವವರು ಅವರು. ‘ಮೇಷ್ಟ್ರೇ, ನನಗೆ ಗೊತ್ತಿರೋದು ಅವರಿಗೆ ಗೊತ್ತಿಲ್ಲ. ಅವರ ಹತ್ರ ಇರೋ ಕಾಗದ ನನ್ನ ಹತ್ರ ಇಲ್ಲ’ ಎಂದಳು. ಬಳೆ ಅಡವಿಟ್ಟು ಶುಲ್ಕ ಕಟ್ಟಬೇಕೆಂದಿದ್ದಾಳೆ. ಅತ್ತೆಗೆ ಅದು ಇಷ್ಟವಿಲ್ಲ. ಕಟ್ಟು ಮಗೂ ಎಂದು ನಾನು ಹೇಳಿದ್ದೇನೆ. ಈ ಕಾಗದದ ಬಾಗಿಲು ಅನ್ಯಾಯದ್ದೆಂದು ನಾವು ಎಷ್ಟು ಹೇಳಿದರೂ ಕಾರ್ಖಾನೆಗಳು ಅದನ್ನು ತೆಗೆಯುವುದಿಲ್ಲ. ತೆರೆಯುವ ಕೀಲಿಕೈ ಮನೆಬಾಗಿಲಿಗೆ ಬಂದಿರುವಾಗ, ಅದೂ ಕೆಲಸ ಬಿಡದೆ ಪಡೆಯಬಹುದಾಗಿರುವಾಗ, ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಈ ಎಚ್.ಆರ್. ಎಂಬ ಹುದ್ದೆ ಎಲ್ಲಿಂದ ಬಂತೆಂಬುದನ್ನೂ ಸ್ವಲ್ಪ ತಿಳಿದಿರಬೇಕು. ಬ್ರಿಟಿಷರ ಕಾಲದ ಗಿರಣಿಗಳಲ್ಲಿ ಜನರನ್ನು ಕರೆತರುವವನೂ, ಬಿಡಿಸುವವನೂ, ಅವರಿಂದ ಲಂಚ ತಿನ್ನುವವನೂ ಒಬ್ಬನೇ: ಜಾಬರ್, ನಮ್ಮ ಮಾತಿನಲ್ಲಿ ಮೇಸ್ತ್ರಿ. 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗವು ಆ ಅಧಿಕಾರವನ್ನು ಮೇಸ್ತ್ರಿಯ ಕೈಯಿಂದ ತೆಗೆದು ಕಾರ್ಮಿಕ ಅಧಿಕಾರಿಗಳಿಗೆ ಕೊಡಬೇಕೆಂದಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. (ಕಲ್ಯಾಣಾಧಿಕಾರಿಯ ವಿದ್ಯಾರ್ಹತೆಯನ್ನು ಸರ್ಕಾರದ ನಿಯಮಗಳು ನಿಗದಿಪಡಿಸುತ್ತವೆ. ಆ ಹುದ್ದೆಯ ಮೇಲೆ ಕಣ್ಣಿಟ್ಟವರು ತಮ್ಮ ಕೋರ್ಸು ಅದಕ್ಕೆ ಹೊಂದುತ್ತದೆಯೇ ಎಂಬುದನ್ನು ಸೇರುವ ಮೊದಲೇ ಕಾರ್ಖಾನೆಗಳ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.)

ಅಂದರೆ ಈ ಹುದ್ದೆ ಹುಟ್ಟಿದ್ದು ಸಂದರ್ಶನ ನಡೆಸುವುದಕ್ಕಷ್ಟೇ ಅಲ್ಲ. ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವೆ ಲೆಕ್ಕ ಬಲ್ಲ, ಕಾನೂನು ಬಲ್ಲ ಒಬ್ಬ ಮನುಷ್ಯ ಇರಲೆಂದು. ಅಂಥವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹೊಸಕೋಟೆ ದಾಟಿ ಕೋಲಾರದ ಹೆದ್ದಾರಿಯಲ್ಲಿ ಹೋದರೆ ನರಸಾಪುರ ಸಿಗುತ್ತದೆ. ಅಲ್ಲಿಯ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ನಡೆದ ದಾಂಧಲೆಯನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೀರಿ. ಗಾಜು ಒಡೆದದ್ದು ಮಾತ್ರ ನೆನಪಿದೆ. ಅದರ ಹಿಂದಿನ ಕಥೆ ಬಹಳ ಜನರಿಗೆ ತಿಳಿಯದು. ಕೆಲವೇ ತಿಂಗಳಲ್ಲಿ ಅಲ್ಲಿಯ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಬಹುಪಾಲು ಗುತ್ತಿಗೆಯವರು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಯಿತು. ಹಾಜರಾತಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು. ದುಡಿದದ್ದಕ್ಕೂ ಬಂದ ಸಂಬಳಕ್ಕೂ ತಾಳೆಯಾಗಲಿಲ್ಲ. ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿ ಕೊಟ್ಟ ವರದಿಯಲ್ಲಿ ಎತ್ತಿ ತೋರಿಸಿದ ಕೊರತೆಗಳಲ್ಲಿ ಒಂದು, ಕಾರ್ಮಿಕ ಕಾನೂನುಗಳನ್ನು ಚೆನ್ನಾಗಿ ಬಲ್ಲ ಸಿಬ್ಬಂದಿ ಎಚ್.ಆರ್. ವಿಭಾಗದಲ್ಲಿ ಸಾಕಷ್ಟು ಇರಲಿಲ್ಲವೆಂಬುದು. ಕೆಲವರಿಗೆ ಸರಿಯಾಗಿ ಸಂಬಳ ಹೋಗಿಲ್ಲವೆಂದು ಕಂಪನಿಯೇ ಒಂದು ವಾರದ ನಂತರ ಒಪ್ಪಿಕೊಂಡಿತು. ಆ ಕಾರ್ಖಾನೆ ಈಗ ಟಾಟಾ ಸಂಸ್ಥೆಯ ಕೈಗೆ ಬಂದಿದೆ. ದಾಂಧಲೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ದೂರು ಕೇಳುವ ಮೇಜಿನ ಹಿಂದೆ ವಿಷಯ ಬಲ್ಲವರು ಸಾಕಷ್ಟು ಇದ್ದಿದ್ದರೆ ಆ ಹುಡುಗರಲ್ಲಿ ಎಷ್ಟೋ ಜನ ಜೈಲು ನೋಡುತ್ತಿರಲಿಲ್ಲವೆಂದು ನಂಬುತ್ತೇನೆ.

ಅದಕ್ಕೂ ಮುಂಚೆ, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ಮಾಡಿದ್ದ ನಿಯಮ ಅವರ ಸಿಟ್ಟಿಗೆ ಕಾರಣ. ಎರಡನೆಯ ದಿನವೇ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಓದು ಬಾರದವರೆಂದು ನಾವು ಅಂದುಕೊಳ್ಳುವ ಹೆಂಗಸರಿಗೆ ತಮ್ಮ ಪಿ.ಎಫ್. ಎಷ್ಟಿದೆ, ಯಾವ ಮಗಳ ಮದುವೆಗೆ ಅದು ಬೇಕು ಎಂಬುದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿಲ್ಲದೆ ಹೋಗುವುದು ಕಾನೂನು ಏಕೆ ಬದಲಾಯಿತು, ತಮಗೆ ಏನಾಗುತ್ತದೆ ಎಂಬುದು. ಅದನ್ನು ಅವರ ಮಾತಿನಲ್ಲಿ ಹೇಳಬೇಕಾದವರು ಯಾರು?

ಆದ್ದರಿಂದಲೇ ಈ ಪದವಿ ಓದುವವರಿಗೆಲ್ಲ ನಾನು ಮೊದಲು ಕೇಳುವುದು: ಒಂದು ಪೇ ಸ್ಲಿಪ್ಪನ್ನು ಕಾರ್ಮಿಕಳೊಬ್ಬಳಿಗೆ ಅರ್ಥವಾಗುವಂತೆ ಓದಿ ಹೇಳಬಲ್ಲೆಯಾ? ಲೆಕ್ಕದ ಅನುಕೂಲಕ್ಕೆ ಅವಳ ತಿಂಗಳ ವೇತನ 13,000 ರೂಪಾಯಿ ಎನ್ನೋಣ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 62 ರೂಪಾಯಿ 50 ಪೈಸೆ. ಓ.ಟಿ.ಗೆ ಎರಡು ಪಟ್ಟು, ಅಂದರೆ ಗಂಟೆಗೆ 125. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ವೇತನದಂತೆ 7,500. ಐದು ವರ್ಷಕ್ಕೆ 37,500. ಗ್ರಾಚ್ಯುಟಿಗೆ ಬೇಕಾದ ಸೇವಾವಧಿ ತುಂಬುವ ಮೊದಲೇ ಅವಳು ಮನೆಯ ಜಗಳಕ್ಕೆ ಕೆಲಸ ಬಿಟ್ಟರೆ ಕಳೆದುಕೊಳ್ಳುವುದು ಎಷ್ಟೆಂದು ಅವಳಿಗೆ ಮೊದಲೇ ಹೇಳಿದವರಿದ್ದಾರೆಯೇ? ಇದು ಏಳನೆಯ ತರಗತಿಯ ಗಣಿತ. ಆದರೆ ಯಾವ ಭತ್ಯೆ ವೇತನಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬಲ್ಲಿ ಕಾನೂನು ಬರುತ್ತದೆ. ಸ್ನಾತಕೋತ್ತರ ಓದು ಬೇಕಾಗುವುದು ಅಲ್ಲಿ.

ಇಲ್ಲೊಂದು ಎಚ್ಚರಿಕೆ. 29 ಕೇಂದ್ರ ಕಾರ್ಮಿಕ ಕಾಯ್ದೆಗಳನ್ನು ಒಳಗೊಂಡ ನಾಲ್ಕು ಸಂಹಿತೆಗಳು ನಾನು ಮೇಲೆ ಹೇಳಿದ ನವೆಂಬರ್ 21ರಿಂದ ಜಾರಿಯಲ್ಲಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಎಣಿಕೆಯಾಗುತ್ತದೆ. ನಿಗದಿತ ಅವಧಿಗೆ ನೇಮಕವಾದವರ ಗ್ರಾಚ್ಯುಟಿಗೆ ಐದು ವರ್ಷದ ಷರತ್ತು ಇಲ್ಲ. ಓ.ಟಿ.ಗೆ ಕಾರ್ಮಿಕರ ಒಪ್ಪಿಗೆ ಬೇಕು. ಆದರೆ ಆನ್‌ಲೈನ್ ಪಾಠಗಳ ಸ್ವಭಾವವೇನೆಂದರೆ, ಒಮ್ಮೆ ಧ್ವನಿಮುದ್ರಿಸಿದ್ದು ವರ್ಷಾನುಗಟ್ಟಲೆ ಓಡುತ್ತಿರುತ್ತದೆ. ನೀವು ಕೇಳುತ್ತಿರುವ ಪಾಠ ಇನ್ನೂ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿಯೇ ನಿಂತಿದ್ದರೆ ಚರ್ಚಾ ವೇದಿಕೆಯಲ್ಲಿ ಧೈರ್ಯವಾಗಿ ಕೇಳಿ. ಕಾರ್ಖಾನೆಯಲ್ಲಿರುವವಳಿಗೆ ಈ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಕುಳಿತವನು ಹಳೆಯದನ್ನೇ ಬಾಯಿಪಾಠ ಮಾಡಿ ಅಂಕ ಪಡೆಯುತ್ತಾನೆ.

ಭಾಷೆಯ ಮಾತು. ಈ ಕೋರ್ಸುಗಳೆಲ್ಲ ಬಹುತೇಕ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಅದಕ್ಕೇ ಅಂಜುತ್ತಾರೆ. ಅಂಜಬೇಕಾಗಿಲ್ಲ. ಎರಡು ಕಾಲಂ ಹಾಕಿ ಒಂದು ನೋಟ್‌ಪುಸ್ತಕ ಇಡಿ. ಒಂದು ಕಡೆ ಪಾಠದ ಪದ, ಇನ್ನೊಂದು ಕಡೆ ನಿಮ್ಮ ಲೈನಿನ ಹೆಂಗಸರಿಗೆ ತಿಳಿಯುವ ಮಾತು. ಗ್ರಾಚ್ಯುಟಿಗೆ ಸರ್ಕಾರದ ಕನ್ನಡದಲ್ಲಿ ‘ಉಪದಾನ’ ಎನ್ನುತ್ತಾರೆ; ನನ್ನ ನಿವೃತ್ತಿಯ ಕಾಗದದಲ್ಲಿ ಅದೇ ಪದವಿತ್ತು, ನನ್ನ ಮನೆಯಾಕೆ ಅದನ್ನು ಉಪವಾಸಕ್ಕೆ ಸಂಬಂಧಿಸಿದ್ದೆಂದು ತಿಳಿದಿದ್ದಳು! ‘ಇಷ್ಟು ವರ್ಷ ದುಡಿದದ್ದಕ್ಕೆ ಬಿಡುವಾಗ ಕೊಡುವ ಇಡುಗಂಟು’ ಎಂದರೆ ಯಾರಿಗಾದರೂ ತಿಳಿಯುತ್ತದೆ. ಈಗ ಒಡಿಶಾ, ಜಾರ್ಖಂಡ್ ಕಡೆಯ ಹೆಣ್ಣುಮಕ್ಕಳೂ ಗಾರ್ಮೆಂಟ್ಸ್‌ಗಳಲ್ಲಿ ಬಹಳ ಇದ್ದಾರೆ. ಅವರ ಮಾತು ನಾಲ್ಕು ಬಂದರೂ ಒಳ್ಳೆಯದು.

ಇನ್ನು ನಮ್ಮ ಬಂಧುಗಳ ಮಗನ ವಿಷಯ. ಹುಡುಗ ಬುದ್ಧಿವಂತ, ಬಿ.ಕಾಂ. ಪ್ರಥಮ ದರ್ಜೆ. ‘ಎರಡು ವರ್ಷ ಕಷ್ಟಪಟ್ಟು ಓದಲಿ, ಆಮೇಲೆ ನೇರವಾಗಿ ಆಫೀಸರ್ ಆಗಲಿ, ಮೆಷಿನ್ ಸದ್ದಿನಲ್ಲಿ ಏಕೆ ನಿಲ್ಲಬೇಕು?’ ಎಂಬುದು ತಂದೆಯವರ ವಾದ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಒಮ್ಮೆ ಹತ್ತು ಹದಿನೈದು ಸಾವಿರಕ್ಕೆ ಸೇರಿದವನು ಅಲ್ಲಿಯೇ ಉಳಿದುಬಿಟ್ಟರೆ ಎಂಬ ಹೆದರಿಕೆ ಅದು. ಹಾಗೆ ಉಳಿದವರೂ ಇದ್ದಾರೆ. ಆದರೆ ಅವನು ಎರಡು ವರ್ಷದ ನಂತರ ಹೋಗಿ ನಿಲ್ಲುವ ಸಂದರ್ಶನದಲ್ಲಿ ಅವನಂಥ ಪದವಿಯವರು ಐವತ್ತು ಜನ ಇರುತ್ತಾರೆ. ಮೊದಲ ಪ್ರಶ್ನೆ ‘ಅನುಭವ ಎಷ್ಟು?’ ಎಂಬುದೇ. ಟೈಂ ಆಫೀಸಿನಲ್ಲಿ ಗುಮಾಸ್ತನಾಗಿ, ಇಲ್ಲವೇ ಗುತ್ತಿಗೆ ಸಂಸ್ಥೆಯೊಂದರ ಪಿ.ಎಫ್., ಇ.ಎಸ್.ಐ. ಲೆಕ್ಕ ಬರೆಯುವವನಾಗಿ ಈಗಲೇ ಸೇರಿ, ಆರು ತಿಂಗಳಾದ ಮೇಲೆ ಇದೇ ಕೋರ್ಸಿಗೆ ಹೆಸರು ಹಚ್ಚಿದರೆ, ಪದವಿ ಬರುವ ವೇಳೆಗೆ ಎರಡೂವರೆ ವರ್ಷದ ಅನುಭವವೂ ಬಂದಿರುತ್ತದೆ. ಸೇರಿಸುವುದೇ ಬೇಡವೆಂದು ನಾನು ಹೇಳಿಲ್ಲ ಅಣ್ಣಾ, ಹಿಂದುಮುಂದು ಮಾಡಿ ಎಂದೆ, ಅಷ್ಟೇ.

‘ಮಾನವ ಸಂಪನ್ಮೂಲ’ ಎಂಬ ಪದದ ಬಗ್ಗೆ ನನಗೆ ಸ್ವಲ್ಪ ಇರಸುಮುರಸಿದೆ. ಜಲಸಂಪನ್ಮೂಲ, ಖನಿಜ ಸಂಪನ್ಮೂಲ ಎಂದಂತೆ ಮನುಷ್ಯನನ್ನೂ ಬಗೆದು ತೆಗೆಯುವ ವಸ್ತುವಾಗಿ ಮಾಡಿದಂತೆ ಕೇಳಿಸುತ್ತದೆ. ಹಿಂದಿನ ‘ಕಾರ್ಮಿಕ ಕಲ್ಯಾಣ’ ಎಂಬ ಮಾತಿನಲ್ಲಿ ಕನಿಷ್ಠ ಕಲ್ಯಾಣವಾದರೂ ಇತ್ತು. ಇರಲಿ, ಹೆಸರನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ವರದಿ ಎಂಬುದೊಂದಿರುತ್ತದೆ. ಜೆರಾಕ್ಸ್ ಅಂಗಡಿಗಳಲ್ಲಿ ಸಿದ್ಧ ವರದಿಗಳು ಸಿಗುತ್ತವೆ; ಹೆಸರು ಬದಲಿಸಿ ಬೈಂಡು ಮಾಡಿಸಿದರಾಯಿತು. ದಯವಿಟ್ಟು ಅದನ್ನು ಮಾಡಬೇಡಿ. ಎರಡು ವರ್ಷದಲ್ಲಿ ಸಂಪೂರ್ಣವಾಗಿ ನಿಮ್ಮದೇ ಆಗಬಲ್ಲ ಕೆಲಸ ಅದೊಂದೇ. ನಮ್ಮ ಟೈಂ ಆಫೀಸಿನ ಹುಡುಗಿ ಪ್ರವೇಶವಾಗುವ ಮೊದಲೇ ವಿಷಯ ಆರಿಸಿಕೊಂಡಿದ್ದಾಳೆ. ಅವಳ ಕಾರ್ಖಾನೆಯಲ್ಲಿ ಬೆಳಿಗ್ಗೆ ಬೆರಳಚ್ಚು ಯಂತ್ರದ ಮುಂದೆ ಸಾಲು ಉದ್ದವಾಗುತ್ತದೆ. ಹೊಲಿದು ಹೊಲಿದು ಸವೆದ ಬೆರಳುಗಳನ್ನು ಯಂತ್ರ ಒಂದೇ ಸಲಕ್ಕೆ ಗುರುತಿಸುವುದಿಲ್ಲ. ಐದು ನಿಮಿಷ ತಡವಾದರೆ ಅರ್ಧ ಗಂಟೆಯ ಸಂಬಳ ಹೋಗುತ್ತದೆ. ಒಂದು ತಿಂಗಳಲ್ಲಿ ಹೀಗೆ ಒಟ್ಟು ಎಷ್ಟು ಜನರಿಗೆ ಎಷ್ಟು ಗಂಟೆಯ ಸಂಬಳ ಕಡಿತವಾಗುತ್ತದೆ ಎಂದು ಅವಳು ಲೆಕ್ಕ ಇಡುತ್ತಾಳಂತೆ. ಮೇಲಧಿಕಾರಿಗಳ ಅನುಮತಿ ಬರೆದು ಪಡೆದುಕೊಂಡೇ ಶುರುಮಾಡು, ಯಾರ ಹೆಸರನ್ನೂ ವರದಿಯಲ್ಲಿ ಹಾಕಬೇಡ ಎಂದು ಹೇಳಿದ್ದೇನೆ. ಇಂಗ್ಲಿಷ್ ತಿದ್ದುವುದು ನನ್ನ ಕೆಲಸ.